ಬಂಧುಸಭೆಯೂ ಕಬ್ಬಿನ ಪಾಳಿಯೂ

ಗುಟ್ಟನ್ನು ಕಾಪಾಡುವ ಶಕ್ತಿ ಇರುವುದರಿಂದಲೇ ಮನುಷ್ಯ ಉಳಿದ ಪ್ರಾಣಿಗಳಿಗಿಂತ ಮೇಲಿನವನಾಗಿದ್ದಾನೆ. ರಾಜ್ಯಗಳು, ಮಠಗಳು, ಸಂಸಾರಗಳು ನಿಂತಿರುವುದೂ ಈ ಒಂದೇ ಗುಣದ ಮೇಲೆ ಎಂದು ನಾನು ಬಹುಕಾಲ ಗಂಭೀರವಾಗಿ ನಂಬಿದ್ದೆ. ನಮ್ಮ ಬಂಧುಸಭೆಯಲ್ಲಿ ಕಾಪಾಡಬೇಕಾದ ಗುಟ್ಟು ಯಾವುದು ಎಂಬುದು ಮಾತ್ರ, ಸೇರಿ ಆರು ವರ್ಷ ಕಳೆದಿದ್ದರೂ ನನಗೆ ತಿಳಿದಿರಲಿಲ್ಲ.

ಸಭೆ ಮಿರಜದ ಒಂದು ಹಳೇ ಬಂಗಲೆಯಲ್ಲಿ ತಿಂಗಳಿಗೊಂದು ಶನಿವಾರ ಸಂಜೆ ಸೇರುತ್ತಿತ್ತು. ವಕೀಲರು, ಡಾಕ್ಟರರು, ರೈಲ್ವೆಯವರು, ಒಬ್ಬಿಬ್ಬರು ಅಡತಿ ವ್ಯಾಪಾರಿಗಳು. ಹೊಸಬನ ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ಯುವುದು, ಬಾಗಿಲು ಬಡಿಯುವುದಕ್ಕೊಂದು ಕ್ರಮ, ಕೈ ಕುಲುಕುವುದಕ್ಕೊಂದು ಒತ್ತು, ಹೆಗಲಿಗೆ ಜರಿಯ ಅಂಚಿನ ನೀಲಿ ಪಟ್ಟಿ. ಇಷ್ಟೆಲ್ಲ ಆದ ಮೇಲೆ ಅಧ್ಯಕ್ಷರು ಸದಾಚಾರದ ಬಗ್ಗೆ ಒಂದು ತಾಸು ಓದುತ್ತಿದ್ದರು. ಆಮೇಲೆ ಪುರಿ, ಬಟಾಟೆ ಭಾಜಿ, ಶಿರಾ. ಈ ಕಲಾಪ ಹೊರಗೆ ಗೊತ್ತಾದರೆ ಆಗಬಹುದಾದ ದೊಡ್ಡ ಅನಾಹುತವೆಂದರೆ ಕೇಳಿದವರಿಗೆ ನಿದ್ದೆ ಬರುವುದು. ಆದರೂ ನಾವು ಎರಡು ಮಾತಿಗೆ ಆಣೆ ಮಾಡಿದ್ದೆವು. ಒಳಗೆ ಎಲ್ಲರೂ ಸರಿಸಮಾನರು, ಪರಸ್ಪರ ‘ಬಂಧು’ ಎಂದೇ ಕರೆಯಬೇಕು ಎಂಬುದು ಒಂದು. ನಾನು ಸದಸ್ಯನೆಂದು ನನ್ನ ಮಟ್ಟಿಗೆ ಹೇಳಿಕೊಳ್ಳಬಹುದು, ಇನ್ನೊಬ್ಬ ಹೌದೋ ಅಲ್ಲವೋ ಎಂದು ಅವನ ಒಪ್ಪಿಗೆಯಿಲ್ಲದೆ ಬಾಯಿ ಬಿಡಬಾರದು ಎಂಬುದು ಇನ್ನೊಂದು. ಮೊದಲನೆಯ ಆಣೆಗಾಗಿ ನಾನು ಅಲ್ಲಿ ಉಳಿದಿದ್ದೆ. ಎರಡನೆಯದು ನನ್ನ ಕುರ್ಚಿಗೇ ಸಂಚಕಾರ ತಂದಿತು.

ಎಂಬತ್ತರ ದಶಕದ ಕೊನೆಯ, ಕಬ್ಬು ಅರೆಯುವ ಒಂದು ಹಂಗಾಮು ಅದು. ನಾನು ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ಗಟ ಅಧಿಕಾರಿ. ಕಾಗವಾಡದ ಆಚೀಚಿನ ಕೆಲವು ಹಳ್ಳಿಗಳು ಸೇರಿ ಒಂದು ಗಟ. ಆ ಗಟದಲ್ಲಿ ಯಾರ ಕಬ್ಬು ಮೊದಲು ಕಡಿಯಬೇಕು, ಯಾರದು ಆಮೇಲೆ ಎಂದು ಪಾಳಿ ಹಚ್ಚುವುದು ನನ್ನ ಕೆಲಸ. ನಮ್ಮ ಭಾಗದ ಮನುಷ್ಯ ಮಗಳ ಲಗ್ನ ಒಂದು ವರ್ಷ ಮುಂದೆ ಹೋದರೆ ತಡೆದುಕೊಂಡಾನು. ಪಾಳಿ ಎಂಟು ದಿನ ಹಿಂದೆ ಬಿದ್ದರೆ ತಡೆದುಕೊಳ್ಳುವುದಿಲ್ಲ. ಅವನ ತಪ್ಪೂ ಅಲ್ಲ. ಮಾಗಿದ ಕಬ್ಬು ಹೊಲದಲ್ಲಿ ನಿಂತಷ್ಟೂ ಒಳಗೊಳಗೇ ರಸ ಆರಿ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ಸಾಲಾಗಿ ಸಿಪಾಯಿಗಳ ಹಾಗೆ ನಿಂತೇ ಇರುತ್ತದೆ.

ಪಾಳಿ ಹಚ್ಚುವ ಕ್ರಮ ಹೀಗೆ. ಮೊದಲು ನಾಟಿಯ ದಿನ ನೋಡಬೇಕು. ಒಂದೇ ವಾರದಲ್ಲಿ ನಾಟಿಯಾದ ಹೊಲಗಳು ಬಹಳ ಇದ್ದರೆ ಬ್ರಿಕ್ಸ್ ಮೀಟರ್ ಹಿಡಿದು ಹೊಲಕ್ಕೆ ಇಳಿಯಬೇಕು. ರಸದ ಸಿಹಿ ಅಳೆಯುವ ಇದು ಗೇಣುದ್ದದ ಕೊಳವೆ, ತುದಿಗೆ ಓರೆಯಾದ ಗಾಜು. ರೈತರು ದುರ್ಬೀನು ಎನ್ನುತ್ತಿದ್ದರು. ಕಬ್ಬಿಗೆ ಚುಚ್ಚಿ ತೆಗೆದ ರಸದ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಮುಚ್ಚಳ ಹಾಕಿ, ಬೆಳಕಿಗೆ ಹಿಡಿದರೆ ಒಳಗೆ ನೀಲಿಯೂ ಬಿಳಿಯೂ ಕೂಡುವ ಗೆರೆ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಕಬ್ಬಿನ ಬುಡದಲ್ಲೊಮ್ಮೆ, ಮೇಲ್ಗಣಿಕೆಯಲ್ಲೊಮ್ಮೆ, ಎಂದರೆ ತುದಿಯ ಗಿಣ್ಣಿನ ಹತ್ತಿರ, ನೋಡಬೇಕು. ಎರಡು ಅಂಕಿಗಳೂ ಹತ್ತಿರ ಹತ್ತಿರ ಬಂದರೆ ಕಬ್ಬು ಮಾಗಿದೆ. ಬುಡ ಸಿಹಿಯಾಗಿ ತಲೆ ಸಪ್ಪೆಯಿದ್ದರೆ ಇನ್ನೂ ಕಾಯಬೇಕು. ಮನುಷ್ಯರಿಗೂ ಇಂಥದೊಂದು ಯಂತ್ರ ಇದ್ದಿದ್ದರೆ ಕಾರ್ಖಾನೆಯ ಆಡಳಿತ ಸುಲಭವಾಗುತ್ತಿತ್ತು.

ಆ ವರ್ಷ ಬೇಗ ಮಾಗುವ ಹೊಸ ತಳಿಯನ್ನು ಸುಮಾರು ಮಂದಿ ಹಚ್ಚಿದ್ದರು. ಅದರ ಗುಣ ಎಷ್ಟು ದೊಡ್ಡದೋ ದೋಷವೂ ಅಷ್ಟೇ: ಬೇಗ ತುರಾಯಿ, ಎಂದರೆ ಹೂವಿನ ಗರಿ, ಬಿಡುತ್ತದೆ. ತುರಾಯಿ ಬಿಟ್ಟಿತೆಂದರೆ ಬೆಂಡಾಗಲು ಶುರುವಾಯಿತೆಂದೇ ಲೆಕ್ಕ. ಹಾಗೆ ಹಚ್ಚಿದವರಲ್ಲಿ ಮಿರಜದ ರೈಲ್ವೆ ಗೂಡ್ಸ್ ಶೆಡ್ಡಿನ ಗುಮಾಸ್ತರೊಬ್ಬರು ಇದ್ದರು. ನಮ್ಮ ಗಟದ ಒಂದು ಹಳ್ಳಿಯ ದಲಿತ ಕೇರಿಯ ಬೌದ್ಧ ಮನೆತನದವರು. ಎರಡು ಎಕರೆ ಹೊಲ. ನಾಟಿಯ ದಿನವೂ ಮೀಟರಿನ ಅಂಕಿಯೂ ಸೇರಿ ಅವರ ಹೊಲ ನನ್ನ ಪಾಳಿಯಲ್ಲಿ ಬಹಳ ಮುಂದೆ ಬಂತು. ಅವರು ನಮ್ಮ ಸಭೆಯ ಬಂಧುವೂ ಹೌದು. ಇದನ್ನು ಬರೆಯುವುದಕ್ಕೆ, ಹೆಸರು ಬೇಡವೆಂಬ ಶರತ್ತಿನ ಮೇಲೆ, ಅವರು ನಿವೃತ್ತರಾದ ನಂತರ ನನಗೆ ಒಪ್ಪಿಗೆ ಕೊಟ್ಟಿದ್ದಾರೆ. ಆಗ ಕೊಟ್ಟಿರಲಿಲ್ಲ.

ನನ್ನ ಕೈಕೆಳಗಿನ ಹಿರಿಯ ಫೀಲ್ಡಮನ್‌ನನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಕೈ ಶುದ್ಧ, ಬಾಯಿ ಬಿರುಸು, ಅನುಮಾನ ಅಪಾರ. ಒಂದು ಶನಿವಾರ ಜೀಪಿನಲ್ಲಿ ನನ್ನ ಕರೀ ಚೀಲದ ಬಾಯಿ ತೆರೆದು ನೀಲಿ ಪಟ್ಟಿ ಹೊರಗೆ ಜೋತುಬಿದ್ದಿದ್ದನ್ನು ಆತ ನೋಡಿದ. ಅದೇನು ಎಂದು ಕೇಳಿದ. ಸಭೆಯದು ಎಂದೆ. ಅಲ್ಲೇನು ಮಾಡುತ್ತೀರಿ ಎಂದ. ಹೇಳುವಂತಿಲ್ಲ ಎಂದೆ, ಸ್ವಲ್ಪ ಘನತೆಯಿಂದಲೇ ಹೇಳಿದೆನೆಂದು ತೋರುತ್ತದೆ. ಪುರಿ ತಿನ್ನುತ್ತೇವೆ ಎಂದಿದ್ದರೆ ಈ ಲೇಖನದ ಅಗತ್ಯ ಬೀಳುತ್ತಿರಲಿಲ್ಲ.

ಮುಂದಿನ ವಾರ ಚಹಾದಂಗಡಿಯಲ್ಲಿ ನಾನು ತಲೆಬುರುಡೆಯ ಪೂಜೆ ಮಾಡುತ್ತೇನೆಂದೂ, ಅದರ ಮುಂದಿನ ವಾರ ಆ ಬುರುಡೆ ಒಬ್ಬ ಇಂಗ್ಲಿಷ್ ಕಲೆಕ್ಟರನದೆಂದೂ ಸುದ್ದಿಯಾಯಿತು. ಇಲ್ಲಿಯವರೆಗೆ ಅಡ್ಡಿಯಿರಲಿಲ್ಲ, ನನ್ನ ಗೌರವ ಕೊಂಚ ಹೆಚ್ಚೇ ಆಗಿತ್ತು. ಆದರೆ ಹಂಗಾಮು ಶುರುವಾಗಿ ಪಾಳಿ ಹೊರಬಿದ್ದ ಮೇಲೆ ಮಾತಿನ ಧಾಟಿ ಬದಲಾಯಿತು. ಕಾಕಾ ಏನೋ ಕೆಲಸಕ್ಕೆ ಮಿರಜಕ್ಕೆ ಹೋದಾಗ ನಾನೂ ಗುಮಾಸ್ತರೂ ಸ್ಟೇಶನ್ನಿನ ಮುಂದೆ ಒಟ್ಟಿಗೆ ನಡೆದು ಹೋಗುತ್ತಿದ್ದುದನ್ನು ಕಂಡಿದ್ದ. ಇಬ್ಬರ ಕೈಯಲ್ಲೂ ಒಂದೇ ಥರದ ಕರೀ ಚೀಲ. ಅಧಿಕಾರಿಯೂ ರೈತನೂ ಒಂದೇ ಗುಪ್ತ ಸಭೆಯಲ್ಲಿದ್ದರೆ ಆ ರೈತನ ಕಬ್ಬು ಮುಂದೆ ಬರದೆ ಇನ್ನೇನು ಎಂದು ಆತ ಕಚೇರಿಯಲ್ಲಿ ನನ್ನೆದುರಿಗೇ ಕೇಳಿದ. ಕೇಳಿದ್ದು ತಪ್ಪಲ್ಲ. ಇನ್ನೊಬ್ಬ ಅಧಿಕಾರಿಯ ಬಗ್ಗೆ ಆಗಿದ್ದರೆ ನಾನೂ ಕೇಳುತ್ತಿದ್ದೆ. ಕಾಕಾನ ಸ್ವಂತ ಅಳಿಯನ ಹೊಲ ಗುಮಾಸ್ತರ ಹೊಲಕ್ಕೆ ಹತ್ತಿದ್ದು, ಅದೇ ತಳಿ, ಅದೇ ವಾರದ ನಾಟಿ, ಪಾಳಿಯಲ್ಲಿ ಮಾತ್ರ ಬಹಳ ಹಿಂದೆ. ಇದು ಮಾತಿಗೆ ಇನ್ನಷ್ಟು ಖಾರ ಸೇರಿಸಿತು.

ಒಂದು ಮುಂಜಾನೆ ಹಳ್ಳದ ದಾರಿಯಲ್ಲಿ ನಾಲ್ಕಾರು ಮಂದಿ ಎತ್ತಿನ ಗಾಡಿ ಅಡ್ಡ ನಿಲ್ಲಿಸಿ ಜೀಪು ತಡೆದರು. ಮುಂದೆ ಕಾಕಾನ ಅಳಿಯ. ಕಾಕಾ ನನ್ನ ಹಿಂದಿನ ಸೀಟಿನಲ್ಲಿದ್ದ, ಇಳಿಯಲಿಲ್ಲ.

ಅಳಿಯ ಜೀಪಿನ ಬಾನೆಟ್ಟಿನ ಮೇಲೆ ಕೈಯೂರಿ, “ಸಾಹೇಬ್ರ, ಆ ಚೀಲದಾಗ ಏನೈತಿ ನಮಗೂ ಒಂದೀಟು ತೋರಸ್ರಿ,” ಎಂದ.

ನಾನು ಪಟ್ಟಿ ತೆಗೆದು ತೋರಿಸಿದೆ. ಅದು ಬಿಸಿಲಿನಲ್ಲಿ ಬ್ಯಾಂಡ್ ಕಂಪನಿಯವರ ಉಡುಪಿನ ತುಂಡಿನ ಹಾಗೆ ಕಂಡಿತು. ಯಾರೋ ನಕ್ಕರು.

“ಇಂಥಾದ್ದು ನಮ್ಮ ಗಟದಾಗ ಇನ್ಯಾರ ಕಡೆ ಐತ್ರಿ?”

“ನಂದು ನಾ ತೋರಿಸೀನಿ. ಇನ್ನೊಬ್ಬರದು ಹೇಳಾಕ ಬರೂದಿಲ್ಲ.”

“ಹೇಳಾಕ ಬರೂದಿಲ್ಲ ಅಂದ್ರ ಅದಾರ ಅಂದಂಗಾತು. ಇಲ್ಲಾಂದ್ರ ಇಲ್ಲ ಅಂತಿದ್ರಿ.”

ನಾನು ಪಟ್ಟಿ ಮಡಚಿ ಚೀಲಕ್ಕೆ ಹಾಕಿದೆ. ಹಿಂದಿನವನೊಬ್ಬ, ಪಾಳಿ ಬದಲಾಗದಿದ್ದರೆ ಈ ಗಟದ ಒಂದು ಗಾಡಿ ಕಬ್ಬೂ ಕಾರ್ಖಾನೆಯ ದಾರಿ ಹಿಡಿಯುವುದಿಲ್ಲ, ಗಡಿ ದಾಟಿ ಆಚಿನ ರಾಜ್ಯದ ಕಾರ್ಖಾನೆಗೆ ಹೋಗುತ್ತದೆ ಎಂದ. ಗಾಡಿ ಸರಿಸಿದರು.

ಗಟದ ಕಬ್ಬು ಗಡಿಯಾಚೆ ಹೋಗುತ್ತದೆಂಬ ಮಾತು ಕಾರ್ಖಾನೆಗೆ ನನಗಿಂತ ಮೊದಲು ಮುಟ್ಟಿತ್ತು. ಕೇನ್ ಮ್ಯಾನೇಜರರು ನನ್ನನ್ನು ಕರೆಸಿ ಬಾಗಿಲು ಹಾಕಿಸಿದರು. ಅವರು ಕೂಗಾಡುವವರಲ್ಲ, ಟೇಬಲ್ಲಿನ ಗಾಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಮಾತಾಡುವವರು. ಆ ದಿನ ಬಹಳ ಗೆರೆ ಎಳೆದರು.

“ನಿಮ್ಮ ಸಭಾದಾಗ ನೀವು ಪಟ್ಟಿ ಹಾಕ್ಕೊಳ್ರಿ, ಕಿರೀಟ ಇಟ್ಕೊಳ್ರಿ, ನನಗೇನೂ ಇಲ್ಲ. ನಿಮ್ಮ ಗಟದ ರೈತರೊಳಗ ನಿಮ್ಮ ಸಭಾದವರು ಯಾರ್ಯಾರು? ಅಷ್ಟು ಹೇಳ್ರಿ ಸಾಕು.”

ಆಣೆಯ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು. ಆ ಸಭೆಗೆ ರಾಜೀನಾಮೆ ಕೊಟ್ಟುಬಿಡಿ ಎಂದರು. ಈಗ ಕೊಟ್ಟರೆ ಕಳ್ಳ ಅಂಗಿ ಬದಲಿಸಿದ ಹಾಗೆ ಆಗುತ್ತದೆ ಎಂದೆ. ಅದೂ ಖರೆ ಎಂದು ಒಪ್ಪಿದರು. ಒಪ್ಪಿ, ಸೋಮವಾರದವರೆಗೆ ಗಡುವು ಕೊಟ್ಟರು. ಹೆಸರು ಹೇಳದಿದ್ದರೆ ಗಟ ನನ್ನ ಕೈಯಲ್ಲಿರುವುದಿಲ್ಲ. ಅಲ್ಲಿಯವರೆಗೆ ತಕರಾರಿನ ಹೊಲ ಕಡಿಯಕೂಡದು. ತಕರಾರಿನ ಹೊಲ ಎಂದರೆ ಗುಮಾಸ್ತರದು. ಅಲ್ಲಿಗೆ ಹೊರಟಿದ್ದ ಕಡಿಯುವವರ ಟೋಳಿಯನ್ನು ಅದೇ ದಿನ ಬೇರೆ ಊರಿಗೆ ತಿರುಗಿಸಿದರು.

ಸಂಜೆ ನಾನು ಆ ಹೊಲದ ಬದುವಿನ ಮೇಲೆ ಹೋಗಿ ನಿಂತೆ. ತುರಾಯಿ ಬಂದಿತ್ತು. ನೋಡಲು ಬಹಳ ಚಂದ. ಬೆಳ್ಳಿ ಬಣ್ಣದ ಗರಿಗಳು ಗಾಳಿಗೆ ಒಂದೇ ಕಡೆ ವಾಲುತ್ತಿದ್ದವು. ಒಂದು ಕಬ್ಬು ಮುರಿದು ನೋಡಿದೆ. ತುದಿಯ ಗಣಿಕೆಯ ನಡುವೆ ಬಿಳಿಯ ಬೆಂಡಿನ ಚುಕ್ಕೆ ಕಾಣಿಸಿತು. ಇಲ್ಲ, ನಮ್ಮ ಸಭೆಯವರು ಯಾರೂ ಈ ಗಟದಲ್ಲಿಲ್ಲ ಎಂದು ಒಂದು ಸುಳ್ಳು ಹೇಳಿದರೆ ನಾಳೆಯೇ ಟೋಳಿ ಬರುತ್ತದೆ. ಅದೂ ಆಣೆಗೆ ವಿರುದ್ಧವೇ, ಆದರೂ ಬಾಯಿ ತುದಿಗೆ ಬಂದಿತ್ತು. ಆದರೆ ಸುಳ್ಳು ಹೊರಬಿದ್ದರೆ ನಾನಷ್ಟೇ ಅಲ್ಲ, ಈ ಎರಡು ಎಕರೆಯೂ ಜೀವಮಾನಪೂರ್ತಿ ಕಳ್ಳಪಾಳಿಯ ಹೊಲ ಎನ್ನಿಸಿಕೊಳ್ಳುತ್ತಿತ್ತು.

ಮರುದಿನ ಮಿರಜಕ್ಕೆ ಹೋದೆ. ಮೊದಲು ಸಭೆಯ ಅಧ್ಯಕ್ಷರಾದ ವಕೀಲರ ಮನೆ. ಅವರು ನಿಯಮದ ಪುಸ್ತಕ ತರಿಸಿ, ಕನ್ನಡಕ ಬದಲಿಸಿ, ಅದೇ ಆಣೆಯನ್ನು ನನಗೆ ಇನ್ನೊಮ್ಮೆ ಓದಿ ಹೇಳಿದರು. ನನ್ನ ಸಂಕಟ ಬಂಧುತ್ವದ ಪರೀಕ್ಷೆಯೆಂದು ಅಭಿನಂದಿಸಿ ಬಾಗಿಲವರೆಗೆ ಕಳಿಸಿಕೊಟ್ಟರು.

ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು ಸಿಮೆಂಟಿನ ವ್ಯಾಗನ್ ಖಾಲಿ ಮಾಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ಕುರ್ಚಿ ಕೊಟ್ಟು ತಾವು ನಿಂತರು. ಆರು ವರ್ಷ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದೆವು. ‘ಬಂಧು, ಇನ್ನೆರಡು ಪುರಿ ಹಾಕಿಸ್ಕೋರಿ’ ಎಂದು ನನಗೆ ಹೇಳುತ್ತಿದ್ದವರು. ನನ್ನ ಗಟ ಕಚೇರಿಗೆ ಬಂದಾಗ ಅವರು ಒಮ್ಮೆಯೂ ಕುರ್ಚಿಯ ಮೇಲೆ ಕೂತಿದ್ದಿಲ್ಲವೆಂಬುದು ನನಗೆ ಹೊಳೆದದ್ದು ಆಗ.

ನಡೆದದ್ದೆಲ್ಲ ಹೇಳಿ, ನಿಮ್ಮ ಹೆಸರು ಹೇಳಲು ಒಪ್ಪಿಗೆ ಕೊಡಿ ಎಂದೆ.

“ಹೇಳಬ್ಯಾಡ್ರಿ ಸಾಹೇಬ್ರ,” ಎಂದರು.

“ಹೇಳಲಿಲ್ಲಾಂದ್ರ ಕಬ್ಬು ನಿಲ್ಲತೈತಿ, ಅಣ್ಣಾರ.”

“ಹೇಳಿದ್ರೂ ನಿಲ್ಲತೈತ್ರಿ. ನಿಲ್ಲಲಿಲ್ಲ ಅಂತಾನ ತಿಳೀರಿ. ಊರಾಗ ಏನಂತಾರ? ಸಾಹೇಬ್ರ ಕೃಪಾದಿಂದ ಅವನ ಕಬ್ಬು ಮುಂದ ಬಂತು ಅಂತಾರ. ನಮ್ಮಪ್ಪ ಮಂದಿ ಹೊಲದಾಗ ಕಬ್ಬು ಕಡದು ಕಡದು ಈ ಎರಡು ಎಕರೆ ಮಾಡ್ಯಾನ್ರಿ. ನನ್ನ ಪಾಳಿ ನನ್ನ ಪಾಳಿ ಅಂತ ಬರಬೇಕು. ಬಂಧು ಅಂತ ಬರೋದು ಬ್ಯಾಡ.”

“ಒಣಗಿ ಹೋದ್ರ?”

“ಒಣಗಲಿ ಬಿಡ್ರಿ.” ವ್ಯಾಗನ್ನಿನಿಂದ ಇಳಿದ ಚೀಲಗಳಿಗೆ ಪುಸ್ತಕದಲ್ಲಿ ಗುರುತು ಹಾಕಿದರು. “ಒಣಗಲಿ ಅಂತ ಬಾಯಿಲೆ ಅಂದೆ. ದಿನಾ ಮುಂಜಾನೆ ಡ್ಯೂಟಿಗೆ ಬರೋಕಿಂತ ಮುಂಚೆ ಹೋಗಿ ನೋಡಿ ಬರ್ತೀನ್ರಿ. ಮ್ಯಾಲಿನ ಗಣಿಕಿ ಹಗುರಾಗ್ಯಾವು.”

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ನನ್ನ ಸ್ಥಿತಿಯನ್ನು ಅವಲೋಕಿಸಿದೆ. ಹೆಸರು ಹೇಳುವಂತಿಲ್ಲ, ಇಲ್ಲ ಎನ್ನುವಂತಿಲ್ಲ, ರಾಜೀನಾಮೆ ಕೊಡುವಂತಿಲ್ಲ. ಇಷ್ಟು ದಿನ ನಾನು ಎಲ್ಲರಿಗೂ ಉತ್ತರ ಕೊಡುತ್ತಿದ್ದದ್ದು ನಾನು ಎಂಥವನು ಎಂಬ ಪ್ರಶ್ನೆಗೆ. ನಿಜವಾದ ಪ್ರಶ್ನೆ ಕಬ್ಬು ಎಂಥದು ಎಂಬುದಾಗಿತ್ತು. ಅದಕ್ಕೆ ಕಬ್ಬೇ ಉತ್ತರ ಹೇಳಲಿ, ಕೇಳುವವನು ನಾನಾಗಿರಬಾರದು.

ಸೋಮವಾರ ಮ್ಯಾನೇಜರರ ಮುಂದೆ ನಿಂತು, ಹೆಸರು ಹೇಳುವುದಿಲ್ಲ ಎಂದೆ. ಬೆರಳು ಗಾಜಿನ ಮೇಲೆ ನಿಂತಿತು. ಮುಂದುವರಿದು ಹೇಳಿದೆ: ತಕರಾರಿನ ಹೊಲವೂ ಅದರ ಸುತ್ತ ಅದೇ ವಾರ ನಾಟಿಯಾದವೂ ಸೇರಿ ಐದು ಹೊಲಗಳಿಂದ ನೀವೇ ಡ್ರೈವರನನ್ನು ಕರೆದುಕೊಂಡು ಹೋಗಿ ಕಬ್ಬು ಕಡಿಸಿ ತನ್ನಿ. ಕಟ್ಟು ಕಟ್ಟಿದ ಹಗ್ಗಕ್ಕೆ ಗಂಟು ಹಾಕಿ. ಒಂದು ಹೊಲಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು. ಯಾವ ಗಂಟು ಯಾರದೆಂದು ನಿಮ್ಮ ತಲೆಯಲ್ಲಿರಲಿ. ಗಟ ಕಚೇರಿಯ ಮುಂದೆ ರೈತರ ಎದುರಿಗೆ ಕಾಕಾ ಮೀಟರ್ ನೋಡಲಿ. ನಾನು ಮುಟ್ಟುವುದಿಲ್ಲ. ಅಂಕಿ ಹೇಳಿದ ಕ್ರಮವೇ ಪಾಳಿ. ಗುಮಾಸ್ತರ ಹೊಲ ಹಿಂದೆ ಬಿದ್ದರೆ ಅದೇ ದಿನ ನಾನೇ ಗಟ ಬಿಡುತ್ತೇನೆ.

ಕಾಕಾನೇ ಯಾಕೆ ಎಂದರು. ಅವನಿಗಿಂತ ಹೆಚ್ಚಿನ ವೈರಿ ನನಗೆ ಸದ್ಯಕ್ಕೆ ಸಿಕ್ಕಿಲ್ಲ ಎಂದೆ.

ಮರುದಿನ ಕಚೇರಿಯ ಅಂಗಳದಲ್ಲಿ ಜನ ನೆರೆದರು. ಸೂರ್ಯ ನೆತ್ತಿಗೆ ಬಂದರೂ ಮ್ಯಾನೇಜರರ ಸುದ್ದಿಯಿಲ್ಲ. ಬಂದಾಗ ಗೊತ್ತಾಯಿತು: ಮುಂಜಾನೆಯೇ ಕಬ್ಬು ಕಡಿಸಿಕೊಂಡು, ದಾರಿಯಲ್ಲಿ ಒಬ್ಬ ದ್ರಾಕ್ಷಿ ತೋಟದವರ ಒತ್ತಾಯಕ್ಕೆ ಊಟಕ್ಕೆ ಇಳಿದಿದ್ದರು. ಅಷ್ಟೂ ಹೊತ್ತು ಕಟ್ಟುಗಳು ತೆರೆದ ಟ್ರೇಲರಿನಲ್ಲಿ ಬಿಸಿಲಿಗೆ ಬಿದ್ದಿದ್ದವು. ಕೆಲವು ಕೆಳಗೆ, ಕೆಲವು ಮೇಲೆ.

ಕಡಿದ ಕಬ್ಬು ಬಿಸಿಲಿಗೆ ನೀರು ಕಳೆದುಕೊಳ್ಳುತ್ತದೆ. ನೀರು ಹೋದಷ್ಟೂ ಮೀಟರಿನ ಅಂಕಿ ಏರುತ್ತದೆ. ಹಸಿ ಕಬ್ಬೂ ಮಾಗಿದ ಕಬ್ಬಿನ ವೇಷ ಹಾಕುತ್ತದೆ. ಮೇಲೆ ಬಿದ್ದಿದ್ದ ಕಟ್ಟು ಯಾರದೆಂದು ನನಗೆ ಗೊತ್ತಿರಲಿಲ್ಲ. ಕಾಕಾ ಆಗಲೇ ಚುಚ್ಚುವ ಮೊಳೆ ಕೈಗೆ ತೆಗೆದುಕೊಂಡಿದ್ದ. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದ ನಾನು ಎದ್ದು ಹೋಗಿ, ಈ ಕಬ್ಬು ನಡೆಯುವುದಿಲ್ಲ, ನಾಳೆ ಮತ್ತೆ ತರಬೇಕು ಎಂದೆ.

ಅಂಗಳದಲ್ಲಿ ಗದ್ದಲವೆದ್ದಿತು. ಅಳಿಯ ಕಟ್ಟೆಯ ಮೇಲೆ ಹತ್ತಿ ನಿಂತು, “ನೋಡ್ರಿ, ಬೆವರು ಬಂತು ಸಾಹೇಬ್ರಿಗೆ. ಹಿಂಗ ಅಕ್ಕೈತಿ ಅಂತ ನಾ ನಿನ್ನೇನ ಹೇಳಿದ್ದೆ,” ಎಂದ. ಮ್ಯಾನೇಜರರ ಮುಖ ಕೆಂಪಾಗಿತ್ತು. ಊಟದ ವಿಷಯ ನಾಲ್ಕು ಮಂದಿಯ ಮುಂದೆ ಬಂದದ್ದು ಅವರಿಗೆ ಹಿಡಿಸಲಿಲ್ಲ. ನಡೆಸಿಬಿಡಿ, ಎಲ್ಲ ಕಟ್ಟಿಗೂ ಬಿಸಿಲು ಹತ್ತಿದೆಯಲ್ಲ ಎಂದರು. ಸಮನಾಗಿ ಹತ್ತಿಲ್ಲ ಎಂದೆ. ನನ್ನ ಪರ ಮಾತಾಡುವವರು ಒಬ್ಬರೂ ಇರಲಿಲ್ಲ. ಕೊನೆಗೆ ಮಾತಾಡಿದವನು ಕಾಕಾ. ಮೊಳೆಯನ್ನು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, “ಬಿಸಲಾಗಿಂದು ನೋಡಾಕ ಬರೂದಿಲ್ರಿ. ಸಾಹೇಬ್ರು ಖರೇ ಹೇಳಾಕತ್ತಾರ,” ಎಂದ. ಹಾಗೆ ಹೇಳಿದ್ದು ಅವನಿಗೇ ರುಚಿಸಲಿಲ್ಲವೆಂಬುದು ಅವನು ಉಗುಳಿದ ರೀತಿಯಲ್ಲಿ ತಿಳಿಯಿತು.

ಮರುದಿನ ಮ್ಯಾನೇಜರರು ಇಬ್ಬನಿ ಆರುವ ಮೊದಲೇ ಕಟ್ಟುಗಳನ್ನು ತಂದರು, ಒದ್ದೆ ಗೋಣಿಚೀಲ ಹೊದಿಸಿ. ನನ್ನನ್ನು ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ, ಕಚೇರಿಗೆ ಬೆನ್ನು ಮಾಡಿ ಕೂರಿಸಿದರು. ಸಭೆಗೆ ಸೇರಿದ ದಿನ ಕಣ್ಣಿಗೆ ಬಟ್ಟೆ ಕಟ್ಟಿದಾಗಲೂ ನಾನು ಇಷ್ಟು ಅಂಜಿರಲಿಲ್ಲ. ಅಲ್ಲಿ ಕೊನೆಗೆ ಊಟವಿದೆ ಎಂದು ಮೊದಲೇ ಹೇಳಿದ್ದರು.

ಕಾಕಾನ ದನಿ ಮಾತ್ರ ಕೇಳುತ್ತಿತ್ತು. ಪ್ರತಿ ಕಬ್ಬಿಗೂ ಗಾಜು ಒರೆಸಿ, ಬುಡದ್ದು ಕೂಗಿ, ತಲೆಯದು ಕೂಗಿ, ಪಕ್ಕದವರಿಗೂ ಒಮ್ಮೆ ನೋಡಲು ಕೊಡುತ್ತಿದ್ದನಂತೆ. ಒಂದು ಗಂಟಿನದು ಸಾಧಾರಣ. ಎರಡು ಗಂಟಿನದು ಅದಕ್ಕಿಂತ ಮೇಲು. ಮೂರು ಗಂಟಿನದಕ್ಕೆ ಬಂದಾಗ ದನಿ ನಿಧಾನವಾಯಿತು. “ಕೆಳಗ ಇಪ್ಪತ್ತೊಂದು. ಮ್ಯಾಲ ಇಪ್ಪತ್ತು.” ಇನ್ನೊಂದು ಕಬ್ಬು ತೆಗೆದ, ಮತ್ತೆ ಅದೇ. “ಇದನ್ನ ಯಾವಾಗೋ ಕಡೀಬೇಕಾಗಿತ್ರಿ. ಒಳಗ ಬೆಂಡ ಹಿಡಿಯಾಕತ್ತೈತಿ,” ಎಂದ. ನಾಲ್ಕು ಗಂಟಿನದು ನಡುವಿನದು. ಐದು ಗಂಟಿನ ಕಟ್ಟು ಬಿಚ್ಚಿದಾಗ, “ಕೆಳಗ ಹದಿನೆಂಟು, ಮ್ಯಾಲ ಹದಿಮೂರು,” ಎಂದು ಕೂಗಿ, ನಕ್ಕು, “ಇದ್ಯಾವ ಶ್ಯಾಣ್ಯಾನದ್ರಿ? ತೂಕಾ ಹೆಚ್ಚ ಬರ್ಲಿ ಅಂತ ಮೊನ್ನೆ ಮೊನ್ನೆ ನೀರು ಬಿಟ್ಟಾನ,” ಎಂದ.

ಕಡಿಯುವ ಹೊತ್ತಿಗೆ ನೀರು ಬಿಟ್ಟು ತೂಕ ಹೆಚ್ಚಿಸುವುದು ನಮ್ಮ ಕಡೆ ಹೊಸದಲ್ಲ. ಮೀಟರಿನಿಂದ ಅದನ್ನು ಮುಚ್ಚಿಡಲಾಗದು. ಪಾಳಿ ಹಚ್ಚುವ ಮುಂಚೆಯೂ ಹೀಗೇ ನೀರು ಬಿಟ್ಟಿದ್ದರಿಂದ ಆ ಹೊಲ ಹಿಂದೆ ಬಿದ್ದಿತ್ತು.

ಮ್ಯಾನೇಜರರು ಗಂಟುಗಳ ಅರ್ಥ ಹೇಳಿದರು. ಮೂರು ಗಂಟಿನದು ಗುಮಾಸ್ತರದು. ಐದು ಗಂಟಿನದು ಕಾಕಾನ ಅಳಿಯನದು.

ನಾನು ತಿರುಗಿ ನೋಡಿದೆ. ಕಾಕಾ ಗಾಜನ್ನು ಧೋತರದ ಚುಂಗಿನಿಂದ ಒರೆಸುತ್ತಲೇ ಇದ್ದ. ಆಮೇಲೆ ಅಳಿಯನ ಕಡೆ ನೋಡಿ, “ನೀರು ಬಿಟ್ಟಿದ್ದು ನನಗ್ಯಾಕ ಹೇಳಲಿಲ್ಲೋ? ನಾ ನಿನ್ನ ಸಲುವಾಗಿ ಮಂದೀನ ಬೈದು ಬಂದೀನಿ,” ಎಂದ. ಅಳಿಯ ಗುಂಪಿನಿಂದ ಸರಿದು ಹೋದ. ಕಾಕಾ ರಸ್ತೆ ದಾಟಿ ಬಂದು ಮೀಟರನ್ನು ನನ್ನ ಕೈಗಿಟ್ಟ. ಕ್ಷಮೆ ಕೇಳಲಿಲ್ಲ, ನಾನೂ ಬಯಸಲಿಲ್ಲ. “ಆದ್ರೂ ಸಾಹೇಬ್ರ,” ಎಂದ, “ಅಲ್ಲಿ ಏನು ಮಾಡ್ತೀರಿ ಅಂತ ನೀವು ಹೇಳಲೇ ಇಲ್ಲ.”

“ಪುರಿ ತಿಂತೀವಿ, ಕಾಕಾ.”

ಆತ ನಂಬಲಿಲ್ಲ.

ಸಂಜೆ ಮ್ಯಾನೇಜರರು ಕರೆಸಿ, ಪಾಳಿ ಸರಿಯಿದೆ, ಆದರೆ ನಾನು ಕೇಳಿದ ಪ್ರಶ್ನೆಗೆ ನಿಮ್ಮಿಂದ ಉತ್ತರ ಬಂದಿಲ್ಲ ಎಂದರು. ಬರುವುದೂ ಇಲ್ಲ ಎಂದೆ. ಅವರು ಗಾಜಿನ ಮೇಲೆ ಒಂದು ಉದ್ದನೆಯ ಗೆರೆ ಎಳೆದರು.

ಗುಮಾಸ್ತರ ಕಬ್ಬು ಮರುದಿನ ಕಟಾವಾಯಿತು. ತೂಕ ಕಡಿಮೆ ಬಂತು. ಹಂಗಾಮು ಮುಗಿದ ಮೇಲೆ ನನ್ನನ್ನು ಗಟದಿಂದ ತೆಗೆದು ತೂಕದ ಕಾಂಟಾಕ್ಕೆ ಹಾಕಿದರು, ಗಟವನ್ನು ಕಾಕಾನ ಕೈಗೆ ಕೊಟ್ಟರು.